ಬೊಡ್ಡೆ ಚಿಗುರಿತು, ಬೇರು ಬಂತೆ?

2023ರ ಜುಲೈ ಮಳೆಗೆ ಸವಣೂರಿನ ದೊಡ್ಡಹುಣಸೆ ಕಲ್ಮಠದ ಮೂರು ದೈತ್ಯ ಮರಗಳಲ್ಲಿ ಒಂದು ಬುಡಸಮೇತ ಉರುಳಿತು. ಊರವರ ಬಾಯಲ್ಲಿ ಅದು ದೊಡ್ಡ ಹುಣಸೆ. ಆದರೆ ಅಸಲಿಗೆ ಆಫ್ರಿಕಾ ಮೂಲದ ಬಾವೊಬಾಬ್. ಶ್ರೀಕೃಷ್ಣನೇ ತಂದು ನೆಟ್ಟನೆಂಬ ಐತಿಹ್ಯವಿದೆ, ವಯಸ್ಸು ಎರಡು ಸಾವಿರ ವರ್ಷವೆಂಬ ಮಾತೂ ಇದೆ. ಕಾರ್ಬನ್ ಪರೀಕ್ಷೆಗೊಳಗಾದ ಉತ್ತರ ಪ್ರದೇಶದ ಕಿಂತೂರು, ಝೂನ್ಸಿಯ ಹಳೆಯ ಬಾವೊಬಾಬ್‌ಗಳಿಗೆ ಎಂಟುನೂರರ ಆಸುಪಾಸು ವಯಸ್ಸೆಂದು ಗೊತ್ತಾಗಿರುವುದರಿಂದ ಆ ಲೆಕ್ಕವನ್ನು ಸ್ವಲ್ಪ ಇಳಿಸಿಕೊಂಡೇ ನಂಬಬೇಕು.

ಸುದ್ದಿಯಾದದ್ದು ಆಮೇಲಿನ ಸಂಗತಿ. ಟೊಂಗೆ ಕಡಿದು ಹಗುರ ಮಾಡಿದ ಮರವನ್ನು ಯಂತ್ರಗಳಿಂದ ಎತ್ತಿ ಅದೇ ಜಾಗದಲ್ಲಿ ನಿಲ್ಲಿಸಲಾಯಿತು. ಕೆಲವೇ ವಾರಗಳಲ್ಲಿ ಚಿಗುರೂ ಕಾಣಿಸಿತು.

ಚಿಗುರು ಎಲ್ಲಿಂದ ಬಂತು? ಮರದ ತೊಗಟೆಯೊಳಗೆ ಸಾವಿರಾರು ಮೊಗ್ಗುಗಳು ಮಲಗಿರುತ್ತವೆ. ತುದಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿಳಿಯುತ್ತಿರುವವರೆಗೆ ಅವು ಏಳುವುದಿಲ್ಲ. ಕೊಡಲಿ ಬಿದ್ದು ತುದಿ ಹೋಯಿತೋ, ತಡೆ ತಪ್ಪಿತು. ಕಾಂಡದಲ್ಲಿ ಕೂಡಿಟ್ಟ ಪಿಷ್ಟವನ್ನು ತಿಂದು ಮೊಗ್ಗು ಎಲೆ ಬಿಡುತ್ತದೆ. ಅಟ್ಟಕ್ಕೇರಿಸಿದ ತುಂಡೂ ಹೀಗೆ ಚಿಗುರೀತು. ಕೂಡಿಟ್ಟದ್ದು ಮುಗಿದ ದಿನ ಒಣಗೀತು. ಬಾವೊಬಾಬ್‌ನ ಹಸಿ ಕಟ್ಟಿಗೆಯಲ್ಲಂತೂ ಮುಕ್ಕಾಲು ಪಾಲು ನೀರೇ, ಹೀಗಾಗಿ ಅದರ ಹಸಿರು ಇನ್ನೂ ಹೆಚ್ಚು ದಿನ ಕಣ್ಣಿಗೆ ಮಣ್ಣೆರಚಬಲ್ಲದು.

ಈ ಚಿಗುರನ್ನೇ ಹೊಸ ಮರ ಮಾಡುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಸವಣೂರಿನ ಎಲೆಬಳ್ಳಿ ಬೆಳೆಯುವುದೇ ಬಳ್ಳಿಯ ತುಂಡಿನಿಂದ. ಶಿಗ್ಗಾವಿಯಿಂದ ಹಿರೇಕೆರೂರಿನವರೆಗೆ ಹೊಲದ ಬೇಲಿಗೆ ನುಗ್ಗೆ, ಹಾಲವಾಣ, ಗೊಬ್ಬರದ ಗಿಡದ ಗೂಟ ಹೂಳುವವರಿಗೆ ಮಳೆ ಬಿದ್ದ ಮೇಲೆ ಗೂಟವೇ ಗಿಡವಾಗುವುದರಲ್ಲಿ ಅಚ್ಚರಿ ಏನಿಲ್ಲ. ತೇಗ, ಬೇವಿನಂಥ ಮರಗಳು ಅಷ್ಟು ಸಲೀಸಲ್ಲ. ಮಾವಂತೂ ಕಡ್ಡಿಯಿಂದ ಬೇರು ಬಿಡಲು ಒಲ್ಲೆನ್ನುತ್ತದೆ. ಹಾನಗಲ್ಲಿನ ಆಪೂಸು ತೋಟಗಳಿಗೆ ಕಸಿಯೇ ಗತಿ.

ಹಟಮಾರಿ ಮರಗಳಿಗೆ ಒಂದು ಉಪಾಯವಿದೆ. ಹೆಮ್ಮರದ ನೆತ್ತಿಯ ಟೊಂಗೆಗೆ ಬೇರು ಬರಿಸುವುದು ಕಷ್ಟ. ಕಡಿದ ಬುಡದಿಂದ ಎದ್ದ ಚಿಗುರು ಎಳೆಯ ಗಿಡದಂತೆ ವರ್ತಿಸುತ್ತದೆ, ಬೇಗ ಬೇರು ಬಿಡುತ್ತದೆ. ಕಾಗದದ ಕಾರ್ಖಾನೆಗಳಿಗೆ ಬೆಳೆಸುವ ನೀಲಗಿರಿ ತದ್ರೂಪಿ ಸಸಿಗಳು ಬಹುಮಟ್ಟಿಗೆ ಹೀಗೇ ಹುಟ್ಟಿದವು. ಬುಡ ಸಿಗದಿದ್ದರೆ ದಪ್ಪ ಟೊಂಗೆಯ ಮೊಳದುದ್ದದ ತುಂಡುಗಳನ್ನು ನೆರಳಲ್ಲಿ, ತೇವದ ಮರಳಿನಲ್ಲಿ ಅರ್ಧ ಮುಳುಗಿಸಿ ಮಲಗಿಸುತ್ತಾರೆ. ಗೇಣುದ್ದದ ಚಿಗುರು ಬಂದಾಗ ಹರಿತ ಚಾಕುವಿನಿಂದ ಬಿಡಿಸಿ, ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಬುಡವನ್ನು ಐಬಿಎ ಹಾರ್ಮೋನಿನ ಪುಡಿಗೆ ಒತ್ತಿ ಮರಳಿಗೆ ನೆಡುವುದು. ಮೇಲೆ ಪ್ಲಾಸ್ಟಿಕ್ ಮುಚ್ಚಿ ಒಳಗೆ ಹಬೆಯಾಡುವಂತಿರಬೇಕು. ಒಂದು ಮಧ್ಯಾಹ್ನದ ಬಿಸಿಲು ತಾಗಿದರೂ ಕೆಲಸ ಕೆಟ್ಟಿತು.

ಉರುಳಿದ ಹಳೆಯ ಮರವನ್ನು ಎತ್ತಿ ನಿಲ್ಲಿಸುವ ಉತ್ಸಾಹದಲ್ಲಿ ಈ ಕೆಲಸ ಹಿಂದೆ ಬೀಳುತ್ತದೆ. ಬೀಜದಿಂದ ಬಂದ ಸಸಿ ಮರದ ಮಗು. ಚಿಗುರಿನಿಂದ ಬಂದದ್ದು ಅದೇ ಮರ. ಕಡಿದ ಟೊಂಗೆಗಳು ಒಲೆ ಸೇರುವ ಮುಂಚೆ ನಾಲ್ಕು ತುಂಡು ನರ್ಸರಿಗೆ ಹೋದರೆ ಖರ್ಚು ಕ್ರೇನಿನ ಬಾಡಿಗೆಯಷ್ಟೇನೂ ಆಗದು. ಬೇರು ಬಂತೋ ಇಲ್ಲವೋ ತಿಳಿಯಲು ಒಂದೆರಡು ತಿಂಗಳ ಬಳಿಕ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡುತ್ತಾರೆ. ಬಿಗಿದು ನಿಂತರೆ ಬಂದಿದೆ. ಜಾರಿ ಬಂದರೆ ಮೇಲಿನ ಎಲೆ ಎಷ್ಟು ಹಸಿರಿದ್ದರೂ ಇನ್ನೊಂದು ಕಡ್ಡಿ ನೆಡಬೇಕು.