ಹತ್ತರಲ್ಲೇ ಇರುವುದೋ, ಹನ್ನೊಂದಕ್ಕೆ ಏರುವುದೋ

ಐ7-7700ಕೆ. ಪಿಸಿ ಗೇಮಿಂಗ್ ಹುಚ್ಚು ಹತ್ತಿಸಿಕೊಂಡವರಿಗೆ 2017ರಲ್ಲಿ ಈ ಹೆಸರು ಕೇಳಿದರೆ ಸಾಕು, ಬಾಯಲ್ಲಿ ನೀರೂರುತ್ತಿತ್ತು. ಆ ವರ್ಷದ ಜನವರಿಯಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಈ ಪ್ರೊಸೆಸರ್‌ಗೆ ನಾಲ್ಕು ಕೋರ್, ಎಂಟು ಥ್ರೆಡ್, 4.2 ಗಿಗಾಹರ್ಟ್ಸ್ ವೇಗ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದೇ ಕಂಪನಿಯಿಂದ ಐ3-8100 ಬಂತು: ನಾಲ್ಕು ಕೋರ್, ನಾಲ್ಕೇ ಥ್ರೆಡ್, 3.6 ಗಿಗಾಹರ್ಟ್ಸ್, ಬೆಲೆ ಅರ್ಧಕ್ಕಿಂತ ಕಡಿಮೆ. ಈ ಎರಡಕ್ಕೂ ವಿಂಡೋಸ್ 11 ಹಾಕಲು ಹೊರಟರೆ ಮೈಕ್ರೋಸಾಫ್ಟ್ ಐ3ಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಐ7 ಅನ್ನು ಬಾಗಿಲಲ್ಲೇ ತಡೆಯುತ್ತದೆ. ಇಂಟೆಲ್ ಆದರೆ ಎಂಟನೇ ತಲೆಮಾರು, ಎಎಂಡಿ ಆದರೆ ರೈಜೆನ್ 2000 ಸರಣಿ, ಇಲ್ಲವೇ ಇವುಗಳಿಂದ ಈಚಿನದಾಗಿರಬೇಕು. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು. ಮದರ್‌ಬೋರ್ಡ್‌ಗೆ ಸೆಕ್ಯೂರ್ ಬೂಟ್ ಸೌಲಭ್ಯ ಇರಬೇಕು. ಬೆರಳೆಣಿಕೆಯ ಅಪವಾದ ಬಿಟ್ಟರೆ ಮುಖ್ಯ ನಿಯಮ ಇಷ್ಟೇ. ವೇಗದ ಷರತ್ತು ಹೆಸರಿಗಷ್ಟೇ.

2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ಅಂದಿನಿಂದ ಗೇಮರ್‌ಗಳ ನಡುವೆ ಒಂದೇ ಪ್ರಶ್ನೆ. ಮನೆಯಲ್ಲಿರುವ ಪಿಸಿ ಚೆನ್ನಾಗಿಯೇ ಓಡುತ್ತಿದೆ, ಹೊಸದಕ್ಕೆ ಹೋಗಲೇಬೇಕೆ?

ಒಂದಂತೂ ನಿಜ. ಬೆಂಬಲ ನಿಂತ ಮಾತ್ರಕ್ಕೆ ಆಟಗಳು ಮರುದಿನವೇ ನಿಲ್ಲುವುದಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿದದ್ದು 2020ರ ಜನವರಿಯಲ್ಲಿ. ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್ ಅದನ್ನು ಕೈಬಿಟ್ಟದ್ದು 2024ರ ಜನವರಿ 1ಕ್ಕೆ. ನಡುವೆ ನಾಲ್ಕು ವರ್ಷ ಹಳೆಯ ವಿಂಡೋಸ್‌ನಲ್ಲೇ ಆಡಿಕೊಂಡಿದ್ದವರಿದ್ದರು. ಗ್ರಾಫಿಕ್ಸ್ ಕಾರ್ಡ್ ತಯಾರಿಸುವ ಎನ್‌ವಿಡಿಯಾ ಕೂಡ ತನ್ನ ಆರ್‌ಟಿಎಕ್ಸ್ ಕಾರ್ಡ್‌ಗಳಿಗೆ ವಿಂಡೋಸ್ 10ರ ಗೇಮ್ ಡ್ರೈವರ್‌ಗಳನ್ನು 2026ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಹೇಳಿದೆ. ಜಿಟಿಎಕ್ಸ್ 1060, 1080ರಂಥ ಹಳೆಯ ಕಾರ್ಡ್‌ಗಳ ಕಥೆ ಬೇರೆ. ಹೊಸ ಆಟಗಳಿಗೆಂದು ಹದಗೊಳಿಸಿದ ಡ್ರೈವರ್ ಅವಕ್ಕೆ 2025ರಲ್ಲೇ ಕೊನೆಯಾಯಿತು, ವಿಂಡೋಸ್ ಯಾವುದೇ ಇರಲಿ. ಅಂಥ ಕಾರ್ಡ್ ಇರುವವರು ಹೊಸ ಆಟ ಚೆನ್ನಾಗಿ ಓಡಲಿ ಎಂದು ಹನ್ನೊಂದಕ್ಕೆ ಏರಿದರೆ ನಿರಾಸೆಯೇ ಗತಿ.

ವೇಗದ ಮಾತಿಗೆ ಬರೋಣ. ಹೊಸ ವಿಂಡೋಸ್ ಎಂದರೆ ಹೆಚ್ಚು ಎಫ್‌ಪಿಎಸ್, ಅಂದರೆ ಪರದೆಯ ಮೇಲೆ ಪ್ರತಿ ಸೆಕೆಂಡಿಗೆ ಹೆಚ್ಚು ಚಿತ್ರಗಳು ಎಂಬ ನಂಬಿಕೆ ಬಹಳ ಜನಕ್ಕಿದೆ. ಆದರೆ 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಹೊರಬಂದಾಗ ಆದದ್ದು ಉಲ್ಟಾ. ರೈಜೆನ್ ಪ್ರೊಸೆಸರ್‌ಗಳ ಎಲ್3 ಕ್ಯಾಶೆ ನಿಧಾನವಾಗಿ, ಕೆಲವು ಇ-ಸ್ಪೋರ್ಟ್ಸ್ ಆಟಗಳು ಶೇ. 10ರಿಂದ 15ರಷ್ಟು ಕುಂಟಬಹುದು ಎಂದು ಎಎಂಡಿಯೇ ಒಪ್ಪಿಕೊಂಡಿತು. ತಿದ್ದುಪಡಿ ಅದೇ ತಿಂಗಳು ಬಂತೆನ್ನಿ. ಮೆಮೊರಿ ಇಂಟೆಗ್ರಿಟಿ ಎಂಬ ಭದ್ರತಾ ವ್ಯವಸ್ಥೆಯದು ಇನ್ನೊಂದು ಬಾಬತ್ತು. ಅದು ಚಾಲೂ ಇದ್ದರೆ ಆಟದ ವೇಗ ಒಂದಿಷ್ಟು ತಗ್ಗುತ್ತದೆ. ಬೇಕಿದ್ದರೆ ಆಡುವಾಗ ಆಫ್ ಮಾಡಿಕೊಳ್ಳಿ ಎಂದು 2022ರಲ್ಲಿ ಮೈಕ್ರೋಸಾಫ್ಟೇ ದಾರಿ ತೋರಿಸಿತು. ಬೀಗ ಮಾರಿದವನೇ ಬಾಗಿಲು ತೆರೆದಿಟ್ಟುಕೊಳ್ಳಿ ಎಂದಂತಾಯಿತು! 2024ರಲ್ಲಿ ಈಚಿನ ರೈಜೆನ್‌ಗಳಿಗೆ ಅನುಕೂಲವಾಗುವ ಒಂದು ಅಪ್‌ಡೇಟ್ ವಿಂಡೋಸ್ 11ಕ್ಕೆ ಬಂತು. ಇಂಟೆಲ್‌ನ ಹನ್ನೆರಡನೇ ತಲೆಮಾರಿನಿಂದ ಈಚೆಗೆ ಅನೇಕ ಚಿಪ್‌ಗಳಲ್ಲಿ ಬಲವಾದ ಕೋರ್, ಸಣ್ಣ ಕೋರ್ ಎಂದು ಎರಡು ಬಗೆ ಇರುವುದರಿಂದ, ಯಾವ ಕೆಲಸ ಯಾವುದಕ್ಕೆ ಎಂದು ಹಂಚುವುದರಲ್ಲೂ ಹನ್ನೊಂದು ಹೆಚ್ಚು ಜಾಣ. ಇಂಥ ಹೊಸ ಯಂತ್ರ ಇದ್ದವರು ಇನ್ನೂ ಹತ್ತರಲ್ಲಿ ಕೂತಿರಲು ಕಾರಣವೇ ಇಲ್ಲ. ಉಳಿದವರಿಗೆ ವೇಗ ಒಂದು ನೆಪವಷ್ಟೇ.

ಹಿಂದೆ ಹೀಗಿರಲಿಲ್ಲ. ವಿಸ್ಟಾ ಬಂದಾಗ ಡೈರೆಕ್ಟ್‌ಎಕ್ಸ್ 10 ಎಂಬ ಗ್ರಾಫಿಕ್ಸ್ ತಂತ್ರವನ್ನು ಮೈಕ್ರೋಸಾಫ್ಟ್ ಎಕ್ಸ್‌ಪಿಗೆ ಕೊಡದೆ ವಿಸ್ಟಾದಲ್ಲೇ ಬಚ್ಚಿಟ್ಟುಕೊಂಡಿತು. 2007ರಲ್ಲಿ ಪಿಸಿಗೆ ಬಂದ ಹೇಲೋ 2 ಆಟವನ್ನೂ ವಿಸ್ಟಾಕ್ಕೆಂದೇ ಮೀಸಲಿಟ್ಟಿತು. ಈ ಸಲ ಅಂಥ ಆಮಿಷ ಕಮ್ಮಿ. ಡೈರೆಕ್ಟ್‌ಎಕ್ಸ್ 12 ಅಲ್ಟಿಮೇಟ್ ಎರಡರಲ್ಲೂ ಇದೆ. ಎಸ್‌ಎಸ್‌ಡಿಯಿಂದ ಆಟವನ್ನು ಬೇಗ ಲೋಡ್ ಮಾಡುವ ಡೈರೆಕ್ಟ್‌ಸ್ಟೋರೇಜ್ ಕೂಡ ಹತ್ತರಲ್ಲಿ ನಡೆಯುತ್ತದೆ, ಹನ್ನೊಂದರಲ್ಲಿ ತುಸು ಚುರುಕು. ಹನ್ನೊಂದಕ್ಕಷ್ಟೇ ಮೀಸಲಾದದ್ದು ಆಟೊ ಎಚ್‌ಡಿಆರ್, ಅದೂ ಎಚ್‌ಡಿಆರ್ ಮಾನಿಟರ್ ಇದ್ದವರಿಗೆ.

ಹಾಗಾದರೆ ಒತ್ತಡ ಎಲ್ಲಿಂದ? ಆಟಗಳಲ್ಲಿ ಮೋಸ ಹಿಡಿಯುವ ಆ್ಯಂಟಿ-ಚೀಟ್ ತಂತ್ರಾಂಶಗಳಿಂದ.

ಗೋಡೆಯಾಚೆ ಅಡಗಿದ ಎದುರಾಳಿಯನ್ನು ತೋರಿಸುವ, ಗುರಿಯನ್ನು ತಾನೇ ಸರಿಪಡಿಸುವ ಕಳ್ಳ ಪ್ರೋಗ್ರಾಂಗಳು ಈಗೀಗ ವಿಂಡೋಸ್ ಏಳುವ ಮೊದಲೇ ಒಳನುಸುಳುತ್ತವೆ. ತಡವಾಗಿ ಬಂದ ಕಾವಲುಗಾರನಿಗೆ ಮೊದಲೇ ಬಂದು ಕೂತ ಕಳ್ಳ ಕಾಣುವುದಿಲ್ಲ. ಸೆಕ್ಯೂರ್ ಬೂಟ್ ಎಂದರೆ ಕಂಪ್ಯೂಟರ್ ಆನ್ ಆಗುವಾಗ ಸರಿಯಾದ ಸಹಿ ಇಲ್ಲದ ಯಾವುದನ್ನೂ ಓಡಲು ಬಿಡದ ಏರ್ಪಾಡು. ಟಿಪಿಎಂ ಆ ಹೊತ್ತಿನಲ್ಲಿ ಏನೇನು ಓಡಿತು ಎಂಬುದರ ಲೆಕ್ಕ ಇಟ್ಟುಕೊಳ್ಳುವ ಚಿಪ್. ಪ್ರತಿ ಯಂತ್ರಕ್ಕೂ ಅದರದೇ ಗುರುತು ಇರುವುದರಿಂದ ಒಮ್ಮೆ ನಿಷೇಧಕ್ಕೊಳಗಾದವರು ಹೊಸ ಹೆಸರಿನಲ್ಲಿ ಮರಳುವುದೂ ಕಷ್ಟ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಬೇಕಾದರೆ ಎರಡೂ ಆನ್ ಇರಲೇಬೇಕು. ಇಲ್ಲದಿದ್ದರೆ ವ್ಯಾನ್ 9001 ಅಥವಾ ವ್ಯಾನ್ 9003 ಎಂಬ ಸಂದೇಶ ತೋರಿಸಿ ಆಟ ಮುಚ್ಚಿಕೊಳ್ಳುತ್ತದೆ. ಇಲ್ಲೊಂದು ತಮಾಷೆ ಇದೆ. ಅರ್ಹತೆಯಿಲ್ಲದ ಪಿಸಿಗೆ ಅಡ್ಡದಾರಿಯಲ್ಲಿ, ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕಿಸಿಕೊಂಡವರು ಬಹಳ. ಹತ್ತರಲ್ಲಿ ಸಲೀಸಾಗಿ ಓಡುತ್ತಿದ್ದ ವ್ಯಾಲರಂಟ್ ಅಂಥ ಯಂತ್ರದಲ್ಲಿ ಕೈಕೊಡಬಹುದು. ಮೈಕ್ರೋಸಾಫ್ಟಿನ ಕಣ್ಣು ತಪ್ಪಿಸಿದರೂ ಆಟದ ಕಾವಲುಗಾರನ ಕಣ್ಣು ತಪ್ಪಿಸಲಾಗದು.

2025ರ ಅಕ್ಟೋಬರ್‌ನಲ್ಲಿ ಬಂದ ಬ್ಯಾಟಲ್‌ಫೀಲ್ಡ್ 6 ಸೆಕ್ಯೂರ್ ಬೂಟ್ ಕೇಳುತ್ತದೆ. ನಂತರದ ತಿಂಗಳು ಬಂದ ಕಾಲ್ ಆಫ್ ಡ್ಯೂಟಿ: ಬ್ಲ್ಯಾಕ್ ಆಪ್ಸ್ 7 ಟಿಪಿಎಂ 2.0ವನ್ನೂ ಕೇಳುತ್ತದೆ. ಗಮನಿಸಬೇಕಾದ್ದೆಂದರೆ, ಇವು ವಿಂಡೋಸ್ 11ನ್ನೇ ಕೇಳುತ್ತಿಲ್ಲ. ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಆ ಎರಡು ಸೌಲಭ್ಯ ಆನ್ ಇದ್ದರೆ ಹತ್ತರಲ್ಲೂ ಓಡುತ್ತವೆ. ಹಾಗಾಗಿ ಏರುವ ಮೊದಲು ನೋಡಬೇಕಾದದ್ದು ಬಯೋಸ್.

ಸ್ಟಾರ್ಟ್ ಮೆನುವಿನಲ್ಲಿ ಎಂಎಸ್ಇನ್ಫೋ32 ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಒಂದು ಪಟ್ಟಿ ತೆರೆಯುತ್ತದೆ. ಅದರಲ್ಲಿ ಬಯೋಸ್ ಮೋಡ್ ಎಂಬ ಸಾಲಿನ ಎದುರು ಯುಇಎಫ್ಐ ಎಂದಿದ್ದರೆ ಕೆಲಸ ಸುಲಭ. ಲೆಗಸಿ ಎಂದಿದ್ದರೆ ವಿಂಡೋಸ್ ಇರುವ ಡಿಸ್ಕ್ ಹಳೆಯ ಎಂಬಿಆರ್ ಪದ್ಧತಿಯದು; ಅದನ್ನು ಜಿಪಿಟಿಗೆ ಬದಲಿಸದೆ ಬಯೋಸ್‌ಗೆ ಹೋಗಿ ಸೆಟ್ಟಿಂಗ್ ತಿರುಗಿಸಿದರೆ ವಿಂಡೋಸ್ ಏಳುವುದೇ ಇಲ್ಲ. ಪಿಸಿ ಕೆಟ್ಟಿತೆಂದು ಎಷ್ಟೋ ಜನ ಅಂಗಡಿಗೆ ಹೊತ್ತೊಯ್ಯುವುದು ಈ ಹಂತದಲ್ಲೇ. ಎಂಬಿಆರ್2ಜಿಪಿಟಿ ಎಂಬ ಸಾಧನ ವಿಂಡೋಸ್ 10ರ ಒಳಗೇ ಇದೆ. ಫಾರ್ಮ್ಯಾಟ್ ಮಾಡದೆಯೇ ಡಿಸ್ಕ್ ಬದಲಿಸುತ್ತದೆ, ಬ್ಯಾಕಪ್ ಮಾತ್ರ ಮೊದಲೇ ತೆಗೆದಿಟ್ಟಿರಬೇಕು. ಟಿಪಿಎಂ ಎಂಬ ಹೆಸರು ಬಯೋಸ್‌ನಲ್ಲಿ ಕಾಣದಿದ್ದರೆ ಗಾಬರಿ ಬೇಡ: ಇಂಟೆಲ್ ಅದನ್ನು ಪಿಟಿಟಿ ಎನ್ನುತ್ತದೆ, ಎಎಂಡಿ ಎಫ್‌ಟಿಪಿಎಂ ಎನ್ನುತ್ತದೆ. ಡಿಸ್ಕ್‌ಗೆ ಬಿಟ್‌ಲಾಕರ್ ಎಂಬ ವಿಂಡೋಸ್ ಬೀಗ ಹಾಕಿದ್ದವರು ಇದನ್ನೆಲ್ಲ ಮುಟ್ಟುವ ಮೊದಲು ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಕ್ಷೇಮ. ಕೀಯನ್ನು ಅದೇ ಪಿಸಿಯೊಳಗೆ ಉಳಿಸಿಟ್ಟು ಪರದಾಡಿದವರಿದ್ದಾರೆ.

ಎಲ್ಲ ಸರಿಯಿದ್ದರೂ ಹೊಸ ಆವೃತ್ತಿ ಬಂದ ದಿನವೇ ಮುಗಿಬೀಳಬಾರದು. 2024ರ ಅಕ್ಟೋಬರ್‌ನಲ್ಲಿ 24ಎಚ್2 ಎಂಬ ಆವೃತ್ತಿ ಬಂದಾಗ ಅಸ್ಯಾಸಿನ್ಸ್ ಕ್ರೀಡ್ ವಲ್ಹಾಲಾ, ಒರಿಜಿನ್ಸ್, ಸ್ಟಾರ್ ವಾರ್ಸ್ ಔಟ್‌ಲಾಸ್‌ನಂಥ ಯೂಬಿಸಾಫ್ಟ್ ಆಟಗಳು ನಡುವೆಯೇ ಸ್ತಬ್ಧವಾಗತೊಡಗಿದವು. ಅವು ಇರುವ ಪಿಸಿಗಳಿಗೆ ಅಪ್‌ಡೇಟ್ ಹೋಗದಂತೆ ಮೈಕ್ರೋಸಾಫ್ಟ್ ತಾನೇ ತಡೆಹಿಡಿಯಬೇಕಾಯಿತು. ಏರಿದ ಮೇಲೆ ಹಿಡಿಸದಿದ್ದರೆ ಹತ್ತು ದಿನದೊಳಗೆ ಸೆಟ್ಟಿಂಗ್ಸ್ ಮೂಲಕ ಹಿಂದಿರುಗಬಹುದು. ಆಮೇಲೆ ಹಿಂದಿರುಗುವುದೆಂದರೆ ಎಲ್ಲ ಹೊಸದಾಗಿ ಹಾಕಿಸುವುದೇ. ಇನ್ನು, ಹತ್ತರ ಲೈಸೆನ್ಸ್ ಅಸಲಿಯಾಗಿದ್ದರೆ ಹನ್ನೊಂದು ಉಚಿತ. ಅಸೆಂಬಲ್ ಮಾಡಿಕೊಟ್ಟವರು ಪುಕ್ಕಟೆಯಾಗಿ "ಆ್ಯಕ್ಟಿವೇಟ್" ಮಾಡಿಕೊಟ್ಟ ವಿಂಡೋಸ್ ಆಗಿದ್ದರೆ ಆ ಹಕ್ಕು ಬರುವುದಿಲ್ಲ.

ಒಬ್ಬರೇ ಕೂತು ಆಡುವ ಕಥೆಯ ಆಟಗಳೇ ಸಾಕು, ಪಿಸಿ ಹಳೆಯದು ಎನ್ನುವವರಿಗೆ ಸದ್ಯಕ್ಕೆ ಹತ್ತರಲ್ಲೇ ಇರುವುದು ತಪ್ಪಲ್ಲ. ಮೈಕ್ರೋಸಾಫ್ಟ್ ಅಂಥವರಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ಅಪ್‌ಡೇಟ್ ಕೊಡುತ್ತದೆ. 30 ಡಾಲರ್ ಕೊಡಬಹುದು; ಇಲ್ಲವೇ ವಿಂಡೋಸ್ ಬ್ಯಾಕಪ್‌ನಲ್ಲಿ ಸೆಟ್ಟಿಂಗ್ಸ್ ಸಿಂಕ್ ಮಾಡಿ ದುಡ್ಡಿಲ್ಲದೆಯೇ ಸೇರಬಹುದು. ಮೈಕ್ರೋಸಾಫ್ಟ್ ಖಾತೆಯಂತೂ ಬೇಕು. ಆದರೆ ಅದೇ ಪಿಸಿಯಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರು ಈ ಅಪ್‌ಡೇಟೂ ಇಲ್ಲದೆ ದಿನ ದೂಡುವುದು ಹುಂಬತನ. ಲಿನಕ್ಸ್ ಇನ್ನೊಂದು ದಾರಿ. ವಾಲ್ವ್ ಕಂಪನಿ 2018ರಲ್ಲಿ ತಂದ ಪ್ರೋಟಾನ್‌ನಿಂದಾಗಿ ವಿಂಡೋಸ್‌ಗೆಂದು ಬರೆದ ಸಾವಿರಾರು ಆಟ ಅಲ್ಲಿ ಓಡುತ್ತವೆ. ಅಲ್ಲೂ ತೊಡಕು ಆ್ಯಂಟಿ-ಚೀಟ್‌ನದೇ. ವ್ಯಾಲರಂಟ್, ಫೋರ್ಟ್‌ನೈಟ್ ಓಡುವುದಿಲ್ಲ. ಓಡುತ್ತಿದ್ದ ಏಪೆಕ್ಸ್ ಲೆಜೆಂಡ್ಸ್ 2024ರ ಅಕ್ಟೋಬರ್ ಕೊನೆಗೆ ಬಾಗಿಲು ಹಾಕಿತು.

ಕೊನೆಗೆ ಪ್ರೊಸೆಸರ್ರೇ ಅಡ್ಡಿ ಎಂದಾದರೆ ಖರ್ಚಿನ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. 2017ರಲ್ಲಿ ರೈಜೆನ್ 1600 ಕೊಂಡವರು ಅದೃಷ್ಟವಂತರು. ಬಿ350ಯಂಥ ಹಳೆಯ ಮದರ್‌ಬೋರ್ಡ್‌ಗಳಲ್ಲೂ ರೈಜೆನ್ 5000 ಸರಣಿ ಕೂರಲು 2022ರಲ್ಲಿ ಎಎಂಡಿ ಅವಕಾಶ ಮಾಡಿಕೊಟ್ಟಿತು. ಬೋರ್ಡ್ ತಯಾರಕರ ಪಟ್ಟಿ ನೋಡಿ, ಬಯೋಸ್ ಅಪ್‌ಡೇಟ್ ಮಾಡಿ, ಒಂದು ರೈಜೆನ್ 5600 ಹಾಕಿಸಿದರೆ ರ್‍ಯಾಮ್, ಬೋರ್ಡ್ ಎರಡೂ ಉಳಿಯುತ್ತವೆ. ಹನ್ನೊಂದರ ಅರ್ಹತೆ ಬರುತ್ತದೆ, ಆಟದ ವೇಗವೂ ಏರುತ್ತದೆ. ಐ7-7700ಕೆ ಇರುವವರಿಗೆ ಈ ಸೌಭಾಗ್ಯವಿಲ್ಲ. ಎಂಟನೇ ತಲೆಮಾರಿನ ಚಿಪ್ ನೋಡಲು ಅದೇ ಸಾಕೆಟ್‌ನದಾದರೂ ಇಂಟೆಲ್ ಅದಕ್ಕೆ ಹೊಸ ಬೋರ್ಡ್ ಕಡ್ಡಾಯ ಮಾಡಿತು. ಅಂಥವರು ಹನ್ನೆರಡನೇ ತಲೆಮಾರಿಗೆ ಹೋಗುವುದಾದರೆ ಡಿಡಿಆರ್4 ಹಿಡಿಯುವ ಬೋರ್ಡನ್ನೇ ಹುಡುಕಿಕೊಳ್ಳುವುದು ಮೇಲು. ಈಗಿರುವ ರ್‍ಯಾಮ್ ಅದರಲ್ಲೇ ಕೂರುತ್ತದೆ, ಹೊಸದಾಗಿ ಕೊಳ್ಳಬೇಕಾದ್ದು ಪ್ರೊಸೆಸರ್, ಬೋರ್ಡ್ ಮತ್ತು ಒಂದು ಕೂಲರ್.