ಹಲ್ಲಿನ ಬಿಳುಪು ಮತ್ತು ಎನಾಮಲ್

ಹಲ್ಲುಗಳನ್ನು ಮುತ್ತಿನ ಸಾಲಿಗೆ ಹೋಲಿಸುವುದು ಕವಿಸಮಯ. ವಾಸ್ತವದಲ್ಲಿ ಆರೋಗ್ಯವಂತನ ಹಲ್ಲು ಅಚ್ಚಬಿಳುಪಲ್ಲ; ಅದರಲ್ಲಿ ನಸುಹಳದಿಯ ಛಾಯೆಯಿರುತ್ತದೆ. ಹೊರಕವಚವಾದ ಎನಾಮಲ್ ಅರೆಪಾರದರ್ಶಕವಾದುದರಿಂದ ಅದರಡಿಯ ಡೆಂಟಿನ್ ಎಂಬ ಪದರದ ಹಳದಿ ಬಣ್ಣ ಹೊರಗೆ ತೋರುತ್ತದೆ.

ಎನಾಮಲ್ ಮಾನವದೇಹದಲ್ಲೇ ಅತ್ಯಂತ ಗಡುಸಾದ ವಸ್ತು. ತೂಕದಲ್ಲಿ ಅದರ ಸುಮಾರು ಶೇ. 96 ಭಾಗ ಖನಿಜ. ಆದರೂ ಅದಕ್ಕೊಂದು ಕೊರತೆಯುಂಟು. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಗಾಯಗೊಂಡ ಚರ್ಮ ಮಾಯುತ್ತದೆ. ಎನಾಮಲನ್ನು ನಿರ್ಮಿಸಿದ ಜೀವಕೋಶಗಳಾದರೋ ಹಲ್ಲು ಮೂಡುವ ವೇಳೆಗೇ ನಶಿಸಿರುತ್ತವೆ. ಒಮ್ಮೆ ಸವೆದುಹೋದುದು ಮತ್ತೆ ಬೆಳೆಯದು.

ರಾತ್ರಿ ಮಲಗುವಾಗ ಲೇಪ ಹಚ್ಚಿ ಹಲ್ಲನ್ನು ಬಿಳುಪುಗೊಳಿಸುವ ಕ್ರಮವನ್ನು ಅಮೆರಿಕದ ದಂತವೈದ್ಯರಾದ ಹೇವುಡ್ ಮತ್ತು ಹೇಮನ್ 1989ರಲ್ಲಿ ಪ್ರಕಟಿಸಿದರು. ಹಲ್ಲುಸಾಲಿನ ಅಚ್ಚಿಗೆ ಹೊಂದುವ ತೆಳು ಪ್ಲಾಸ್ಟಿಕ್ ಕವಚದಲ್ಲಿ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಲೇಪವನ್ನಿಟ್ಟು ಧರಿಸುವುದು ಅದರ ವಿಧಾನ. ಬಾಯಿಯ ತೇವದಲ್ಲಿ ಅದು ಒಡೆದು ಸುಮಾರು ಶೇ. 3.5ರಷ್ಟು ಹೈಡ್ರೋಜನ್ ಪೆರಾಕ್ಸೈಡನ್ನೂ ಯೂರಿಯಾವನ್ನೂ ಕೊಡುತ್ತದೆ. ಪೆರಾಕ್ಸೈಡು ಎನಾಮಲಿನ ಸೂಕ್ಷ್ಮ ಸಂದುಗಳಲ್ಲಿ ಹಾಯ್ದು ಡೆಂಟಿನನ್ನು ಸೇರಿ, ಬಣ್ಣ ತರುವ ಅಣುಗಳನ್ನು ಬದಲಿಸುತ್ತದೆ. ಇಲ್ಲಿ ಹಲ್ಲನ್ನು ಕೆರೆಯುವುದಿಲ್ಲ. ಒಂದೇ ರಾತ್ರಿಯಲ್ಲಿ ಬಿಳುಪೆಂಬುದು ಜಾಹೀರಾತಿನ ಮಾತು. ಫಲ ಕಾಣಲು ಹಲವು ರಾತ್ರಿಗಳೇ ಬೇಕು.

ವೈದ್ಯರ ನಿಗಾದಲ್ಲಿ ಇದರಿಂದ ಎನಾಮಲಿನ ಮೇಲ್ಮೈ ತುಸು ಮೆದುವಾದರೂ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಅದನ್ನು ಬಹುಮಟ್ಟಿಗೆ ಸರಿಪಡಿಸುತ್ತದೆ. ತಣ್ಣೀರು ತಗುಲಿದರೆ ಹಲ್ಲು ಜುಮ್ಮೆನ್ನುವುದು, ಒಸಡು ಉರಿಯುವುದು ಸಾಮಾನ್ಯ. ಲೇಪ ನಿಲ್ಲಿಸಿದ ಮೇಲೆ ಇವು ಶಮನವಾಗುತ್ತವೆ. ಲೇಪ ತೀಕ್ಷ್ಣವಾದಷ್ಟೂ ತೊಂದರೆ ಅಧಿಕ. 2012ರಿಂದ ಯುರೋಪಿನ ಒಕ್ಕೂಟವು ಶೇ. 6ಕ್ಕಿಂತ ಹೆಚ್ಚು ಹೈಡ್ರೋಜನ್ ಪೆರಾಕ್ಸೈಡ್ ಇರುವ ಬಿಳುಪುಲೇಪಗಳನ್ನು ನಿಷೇಧಿಸಿದೆ. ಅದಕ್ಕಿಂತ ಸೌಮ್ಯವಾದವುಗಳನ್ನೂ ಹದಿನೆಂಟು ತುಂಬದವರಿಗೆ ಬಳಸುವಂತಿಲ್ಲ.

ಹೆಚ್ಚು ಭಯಪಡಬೇಕಾದುದು ನಿಂಬೆಹಣ್ಣಿನ ವಿಷಯದಲ್ಲಿ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಎನಾಮಲ್ ಕರಗತೊಡಗುತ್ತದೆ. ನಿಂಬೆರಸದ ಪಿಎಚ್ 2ರಿಂದ 3ರ ಒಳಗೆ. ಅದನ್ನು ಹಚ್ಚಿ ಕೂಡಲೇ ಉಪ್ಪು ಅಥವಾ ಇದ್ದಿಲಪುಡಿಯಿಂದ ಉಜ್ಜಿದರೆ ಮೆದುವಾದ ಪದರವೇ ಕಿತ್ತುಬರುತ್ತದೆ. ಮೊದಲು ಬೆಳ್ಳಗೆ ಕಂಡರೂ ಕ್ರಮೇಣ ಎನಾಮಲ್ ತೆಳುವಾಗಿ ಒಳಗಿನ ಹಳದಿಯೇ ಮುಂದಾಗುತ್ತದೆ. ಬಿಳುಪನ್ನರಸಿ ಹಳದಿಯನ್ನು ಪಡೆದಂತೆ!

ಕೋಲಾರ, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ಕೆಲವು ಊರುಗಳ ಮಕ್ಕಳ ಹಲ್ಲಿನ ಕಂದು ಕಲೆ ಬೇರೆ ಬಗೆಯದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದ್ದು, ಎನಾಮಲ್ ರೂಪುಗೊಳ್ಳುವಾಗಲೇ ಆದ ದೋಷ ಅದು. ಎಷ್ಟು ಉಜ್ಜಿದರೂ ಹೋಗದು. ಅಂಥ ಮಕ್ಕಳನ್ನು ಹಲ್ಲುಜ್ಜದ ಸೋಮಾರಿಗಳೆಂದು ಗದರಿಸುವುದು ಅನ್ಯಾಯ. ಅವರಿಗೆ ಬೇಕಾದುದು ದಂತವೈದ್ಯರ ಪರೀಕ್ಷೆ; ಊರಿಗೆ ಬೇಕಾದುದು ಬೇರೆ ನೀರು.