ರಕ್ತ ಕೊಟ್ಟರೆ ರೊಕ್ಕ. ಅದಕ್ಕೂ ಮುಂಚೆ ಫಾರಂ ಓದಿ

‘ಆರೋಗ್ಯವಂತ ಯುವಕರು ಬೇಕಾಗಿದ್ದಾರೆ. ವಯಸ್ಸು 18ರಿಂದ 45. ಎರಡು ರಾತ್ರಿ ಉಳಿಯಬೇಕು. ಊಟ, ವಸತಿ ಫ್ರೀ. ವೈಫೈ ಇದೆ. ಹೋಗುವಾಗ ಕೈತುಂಬ ದುಡ್ಡು.’ ಇಂಥದ್ದೊಂದು ಮೆಸೇಜ್ ನಮ್ಮ ಹಾಸ್ಟೆಲ್ ಗ್ರೂಪಿಗೆ ಬಂದಾಗ ಮೊದಲ ರಿಪ್ಲೈ, ‘ಮಗಾ, ಇದು ಕೆಲಸಾನಾ, ಸ್ವಯಂವರಾನಾ?’ ಎರಡನೆಯದು, ‘ನಂಬರ್ ಕಳ್ಸೋ.’ ತಿಂಗಳ ಕೊನೆಯ ವಾರ ಅದು. ಮೆಸ್ ಬಿಲ್ ಕಟ್ಟದವರ ಲಿಸ್ಟು ನೋಟಿಸ್ ಬೋರ್ಡಿನಲ್ಲಿ ತೂಗುತ್ತಿತ್ತು. ಹಾಗಾಗಿ ಎರಡನೆಯ ರಿಪ್ಲೈಗೇ ಲೈಕ್ ಜಾಸ್ತಿ.

ಅದು ಕೆಲಸವೂ ಅಲ್ಲ, ಸ್ವಯಂವರವೂ ಅಲ್ಲ. ಔಷಧ ಪ್ರಯೋಗಕ್ಕೆ ‘ಹೆಲ್ದಿ ವಾಲಂಟಿಯರ್’ ಹುಡುಕುವ ಜಾಹೀರಾತು. ನನಗೆ ಇದರ ತಲೆಬುಡ ಗೊತ್ತಾಗಿದ್ದು ನಮ್ಮ ಸೀನಿಯರ್ ಒಬ್ಬರಿಂದ. ಹೋದ ವರ್ಷ ಬಿಇ ಮುಗಿಸಿ, ಬೆಂಗಳೂರಿನ ಪಿಜಿಯೊಂದರಲ್ಲಿ ಇದ್ದುಕೊಂಡು ಇಂಟರ್‌ವ್ಯೂ ಕೊಡುತ್ತಿದ್ದಾರೆ. ಎರಡು ತಿಂಗಳ ಬಾಡಿಗೆ ಬಾಕಿ. ಮನೆಯಲ್ಲಿ ಕೇಳುವ ಹಾಗಿಲ್ಲ, ಅಪ್ಪ ಅಡಿಕೆ ಬೆಳೆಗೆ ಮಾಡಿದ ಸಾಲವೇ ತೀರಿಲ್ಲ. ಅವರು ಒಂದು ಸಲ ಹೋಗಿ ಬಂದರು. ಎಡಗೈಯ ಒಳಮೈಯಲ್ಲಿ ನೀಲಿ ಕಲೆ, ಜೇಬಿನಲ್ಲಿ ಒಂದು ತಿಂಗಳ ಬಾಡಿಗೆ.

ಅಲ್ಲಿ ನಡೆಯುವುದೇನು ಅಂದರೆ, ಹೆಚ್ಚಿನ ಸಲ ಹೊಚ್ಚಹೊಸ ಔಷಧದ ಪರೀಕ್ಷೆಯಲ್ಲ. ಈಗಾಗಲೇ ಮಾರುಕಟ್ಟೆಯಲ್ಲಿರುವ ಮಾತ್ರೆಯನ್ನು ಇನ್ನೊಂದು ಕಂಪನಿ ಕಡಿಮೆ ಬೆಲೆಗೆ ತಯಾರಿಸುತ್ತದೆ. ಅದು ಮೂಲ ಮಾತ್ರೆಯಷ್ಟೇ ಪ್ರಮಾಣದಲ್ಲಿ, ಅಷ್ಟೇ ವೇಗದಲ್ಲಿ ರಕ್ತಕ್ಕೆ ಸೇರುತ್ತದಾ ಎಂದು ತೋರಿಸಬೇಕು. ಇದಕ್ಕೆ ಬಯೊಈಕ್ವಿವೆಲೆನ್ಸ್ ಸ್ಟಡಿ ಎನ್ನುತ್ತಾರೆ. ಸಂಜೆ ಹೋಗಿ ಅಡ್ಮಿಟ್ ಆಗಬೇಕು, ರಾತ್ರಿಯಿಡೀ ಉಪವಾಸ, ಬೆಳಗ್ಗೆ ಮಾತ್ರೆ. ಕೈಗೆ ಕ್ಯಾನ್ಯುಲಾ ಹಾಕಿರುತ್ತಾರೆ. ಮೊದಲು ಹದಿನೈದು ನಿಮಿಷಕ್ಕೊಮ್ಮೆ, ಆಮೇಲೆ ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ. ನಮ್ಮ ಸೀನಿಯರ್‌ಗೆ ಒಂದು ಸುತ್ತಿನಲ್ಲಿ ಇಪ್ಪತ್ತು ಸಲ ತೆಗೆದಿದ್ದರಂತೆ. ಕೆಲವು ದಿನ ಬಿಟ್ಟು, ಮೊದಲ ಮಾತ್ರೆ ಮೈಯಿಂದ ಪೂರ್ತಿ ಹೋದಮೇಲೆ, ಇನ್ನೊಂದು ಸುತ್ತು. ಮೊದಲ ಸಲ ಹೊಸ ಕಂಪನಿಯ ಮಾತ್ರೆ ತಿಂದವನಿಗೆ ಈಗ ಮೂಲ ಮಾತ್ರೆ, ಮೂಲದ್ದು ತಿಂದವನಿಗೆ ಹೊಸದು.

ಆ ರಕ್ತದ ಸ್ಯಾಂಪಲ್‌ಗಳಿಂದ ಒಂದು ಗ್ರಾಫ್ ಬರುತ್ತದೆ: ಅಡ್ಡಕ್ಕೆ ಸಮಯ, ಉದ್ದಕ್ಕೆ ರಕ್ತದಲ್ಲಿನ ಔಷಧದ ಪ್ರಮಾಣ. ಆ ಗೆರೆಯ ಕೆಳಗಿನ ವಿಸ್ತೀರ್ಣ ಕಂಡುಹಿಡಿಯಬೇಕು. ಹೇಗೆ ಗೊತ್ತಾ? ಟ್ರೆಪಿಜಾಯ್ಡಲ್ ರೂಲ್! ನ್ಯೂಮರಿಕಲ್ ಮೆಥಡ್ಸ್‌ನಲ್ಲಿ ‘ಇದನ್ನ ಎಲ್ಲಿ ಬಳಸ್ತಾರೆ ಸಾರ್’ ಎಂದು ಕೇಳಿ ಬೈಸಿಕೊಂಡ ನಮ್ಮ ಬೆಂಚಿನವರಿಗೆ ಇದನ್ನು ಹೇಳಲೇಬೇಕಿತ್ತು. ಗ್ರಾಫಿನ ಎತ್ತರ ಮತ್ತು ವಿಸ್ತೀರ್ಣ, ಎರಡರಲ್ಲೂ ಹೊಸದಕ್ಕೂ ಮೂಲಕ್ಕೂ ಇರುವ ಅನುಪಾತದ 90 ಪರ್ಸೆಂಟ್ ಕಾನ್ಫಿಡೆನ್ಸ್ ಇಂಟರ್‌ವಲ್ ಸಾಮಾನ್ಯವಾಗಿ 80ರಿಂದ 125 ಪರ್ಸೆಂಟ್‌ನೊಳಗೆ ಬೀಳಬೇಕು. ಬಿದ್ದರೆ ಪಾಸ್. ನಮ್ಮ ಅಜ್ಜ ಅಜ್ಜಿಯರು ತಿನ್ನುವ ಅಗ್ಗದ ಬಿಪಿ ಮಾತ್ರೆಯ ಹಿಂದೆಯೂ ಇಂಥ ಯಾರದೋ ತೋಳಿನ ರಕ್ತ ಇರಬಹುದು. ಹಾಗಾಗಿ ‘ದುಡ್ಡಿಗೆ ಮೈ ಮಾರಿಕೊಳ್ಳೋರು’ ಎಂದು ಮೂಗು ಮುರಿಯುವವರ ಮಾತು ನನಗೆ ಹಿಡಿಸುವುದಿಲ್ಲ.

ನನಗೆ ಕೋಪ ಬಂದಿದ್ದು ಬೇರೆ ಕಾರಣಕ್ಕೆ. ಮೊದಲ ಸ್ಟಡಿ ಮುಗಿದು ತಿಂಗಳಾಗಿತ್ತಷ್ಟೆ. ಏಜೆಂಟ್ ಒಬ್ಬ ಫೋನ್ ಮಾಡಿ, ‘ಇನ್ನೊಂದು ಸೆಂಟರ್‌ನಲ್ಲಿ ಸೀಟ್ ಇದೆ, ಬಾ. ಮೊದಲು ಮಾಡಿದ್ದೀಯಾ ಅಂತ ಕೇಳಿದರೆ ಇಲ್ಲ ಅನ್ನು’ ಅಂದನಂತೆ. ಸಾಮಾನ್ಯವಾಗಿ ಒಂದು ಸ್ಟಡಿ ಆದಮೇಲೆ ಮೂರು ತಿಂಗಳು ಇನ್ನೊಂದಕ್ಕೆ ಸೇರಿಸಿಕೊಳ್ಳುವುದಿಲ್ಲ. ಅದು ಸುಮ್ಮನೆ ಮಾಡಿದ ನಿಯಮ ಅಲ್ಲ. ಹೋದ ರಕ್ತ ಮತ್ತೆ ತುಂಬಬೇಕು. ಹಳೆಯ ಔಷಧ ಮೈಯಲ್ಲಿ ಉಳಿದಿದ್ದರೆ ಹೊಸದರ ಜೊತೆ ಸೇರಿ ಏನು ಮಾಡುತ್ತದೋ ಡಾಕ್ಟರಿಗೂ ಅಂದಾಜು ಸಿಗುವುದಿಲ್ಲ, ಯಾಕೆಂದರೆ ನೀವು ಹೇಳೇ ಇಲ್ಲವಲ್ಲ! ಸುಳ್ಳು ಹೇಳಿ ಸೇರಿದರೆ ಏಜೆಂಟನಿಗೆ ಕಮಿಷನ್, ಅಪಾಯ ಪೂರ್ತಿ ನಿಮ್ಮದು. ಸೀನಿಯರ್ ‘ಆಗಲ್ಲ’ ಅಂದರು. ಮೂರು ತಿಂಗಳು ಕಳೆದ ಮೇಲೆ ಏಜೆಂಟನ ಹಂಗಿಲ್ಲದೆ ತಾವೇ ಹೋದರು. ಇಸಿಜಿ, ರಕ್ತ, ಮೂತ್ರ, ಎಲ್ಲ ಪರೀಕ್ಷೆ ಆಯಿತು. ಹಿಮೋಗ್ಲೋಬಿನ್ ಕಡಿಮೆ ಇದೆ ಎಂದು ವಾಪಸ್ ಕಳಿಸಿದರು. ಪಿಜಿ ಊಟದ ಮಹಿಮೆ ಎಂದು ಅವರೇ ನಗುತ್ತಾರೆ. ಈಗ ಐರನ್ ಮಾತ್ರೆ ನುಂಗುತ್ತ ಇಂಟರ್‌ವ್ಯೂ ಕೊಡುತ್ತಿದ್ದಾರೆ.

ಅವರು ಕಳಿಸಿದ ಫಾರಂ ನೋಡಿದಮೇಲೆ ನನಗೆ ಓದುವ ಹುಚ್ಚು ಹತ್ತಿತು. ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಕಥೆ ಓದಿದ ರಾತ್ರಿ ನಿದ್ದೆ ಬರಲಿಲ್ಲ. 2006ರ ಮಾರ್ಚ್ 13. ಟಿಜಿಎನ್1412 ಎಂಬ ಔಷಧವನ್ನು ಅವತ್ತು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟರು. ಎಂಟು ಮಂದಿ ಆರೋಗ್ಯವಂತ ಗಂಡಸರು, ತಲಾ 2000 ಪೌಂಡ್ ಹಣ. ಆರು ಜನಕ್ಕೆ ಔಷಧ, ಇಬ್ಬರಿಗೆ ಔಷಧವಿಲ್ಲದ ಬರೀ ದ್ರವ. ಪ್ರಾಣಿಗಳಲ್ಲಿ ಸುರಕ್ಷಿತ ಎನಿಸಿದ್ದ ಪ್ರಮಾಣದ 500ರಲ್ಲಿ ಒಂದು ಭಾಗವನ್ನಷ್ಟೇ ಕೊಟ್ಟಿದ್ದರು. ಆದರೂ ಕೆಲವೇ ಗಂಟೆಯಲ್ಲಿ ಆರೂ ಜನ ಕುಸಿದರು, ಅಂಗಾಂಗಗಳು ಕೈಕೊಟ್ಟವು. ಆರೂ ಜನ ಬದುಕಿದರು, ಒಬ್ಬರು ಮಾತ್ರ ಬೆರಳುಗಳನ್ನು ಕಳೆದುಕೊಂಡರು. ಮೊದಲನೆಯವನಿಗೆ ಏನಾಗುತ್ತದೆ ಎಂದು ಕಾಯದೆ, ಕೆಲವೇ ನಿಮಿಷಗಳ ಅಂತರದಲ್ಲಿ ಒಬ್ಬರಾದಮೇಲೆ ಒಬ್ಬರಿಗೆ ಕೊಟ್ಟಿದ್ದು ಆಮೇಲೆ ದೊಡ್ಡ ಟೀಕೆಗೆ ಗುರಿಯಾಯಿತು. ನಮ್ಮ ಲ್ಯಾಬ್‌ನಲ್ಲಿ ಹೊಸ ಸರ್ಕ್ಯೂಟ್‌ಗೆ ಪವರ್ ಕೊಡುವಾಗಲೂ ಮೊದಲು ಒಂದೇ ಬೋರ್ಡ್ ಆನ್ ಮಾಡಿ ಹೊಗೆ ಬರುತ್ತದಾ ನೋಡುತ್ತೇವೆ! 2016ರ ಜನವರಿಯಲ್ಲಿ ಫ್ರಾನ್ಸ್‌ನ ರೆನ್ ನಗರದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಒಬ್ಬರು ತೀರಿಕೊಂಡರು, ಐವರು ಆಸ್ಪತ್ರೆ ಸೇರಿದರು.

ಇವೆರಡೂ ಅಪರೂಪದ ಘಟನೆಗಳು. ಮೊದಲ ಬಾರಿ ಮನುಷ್ಯರ ಮೇಲೆ ನಡೆಯುವ ಪ್ರಯೋಗಕ್ಕೂ, ಹಳೆಯ ಮಾತ್ರೆಯ ಹೋಲಿಕೆಗೂ ಅಜಗಜಾಂತರ. ಆದರೆ ವಾಟ್ಸ್‌ಆ್ಯಪ್ ಮೆಸೇಜಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ‘ಊಟ ವಸತಿ ಫ್ರೀ’. ವ್ಯತ್ಯಾಸ ಇರುವುದು ಫಾರಂನಲ್ಲಿ.

ನಮ್ಮ ದೇಶದಲ್ಲೂ ಫಾರಂಗೆ ಬೆಲೆ ಸುಮ್ಮನೆ ಬಂದಿದ್ದಲ್ಲ. ಬಡವರನ್ನು ಸರಿಯಾಗಿ ತಿಳಿಸದೆ ಪ್ರಯೋಗಕ್ಕೆ ಬಳಸಿಕೊಳ್ಳುತ್ತಿದ್ದಾರೆ ಎಂದು ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಸ್ಥೆ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಮರುವರ್ಷ ಪರಿಹಾರದ ನಿಯಮ ಬಂತು. ಈಗ ಜಾರಿಯಲ್ಲಿರುವುದು 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಪ್ರಯೋಗ ಶುರುವಾಗುವ ಮುಂಚೆ ಎಥಿಕ್ಸ್ ಕಮಿಟಿ ಒಪ್ಪಬೇಕು. ಅದರಲ್ಲಿ ಕನಿಷ್ಠ ಏಳು ಜನ, ಅರ್ಧದಷ್ಟಾದರೂ ಆ ಸಂಸ್ಥೆಗೆ ಸಂಬಂಧವಿಲ್ಲದವರು. ಒಬ್ಬ ಕಾನೂನು ತಿಳಿದವರು, ಒಬ್ಬ ಮಹಿಳೆ, ಜೊತೆಗೆ ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು. ಸಾಮಾನ್ಯ ವ್ಯಕ್ತಿಗೂ ಕಾನೂನಿನಲ್ಲಿ ಒಂದು ಕುರ್ಚಿ ಇದೆ ಎಂದು ಓದಿ ಖುಷಿಯಾಯಿತು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ. ಪ್ರಯೋಗದ ಕಾರಣಕ್ಕೇ ಸಾವು ಸಂಭವಿಸಿದರೆ ಕುಟುಂಬಕ್ಕೆ ಪರಿಹಾರ, ಅದಕ್ಕೊಂದು ಸೂತ್ರ.

ಸೂತ್ರ ಕಂಡರೆ ನಮ್ಮವರ ಕೈ ಕ್ಯಾಲ್ಕುಲೇಟರ್‌ಗೆ ಹೋಗುತ್ತದೆ. 8 ಲಕ್ಷವನ್ನು ವಯಸ್ಸಿನ ಅಂಶದಿಂದಲೂ ಅಪಾಯದ ಅಂಶದಿಂದಲೂ ಗುಣಿಸಿ 99.37ರಿಂದ ಭಾಗಿಸಬೇಕು. ನನ್ನ ವಯಸ್ಸು 20, ಅದಕ್ಕೆ ಅಂಶ 224. ಆರೋಗ್ಯವಂತರಿಗೆ ಅಪಾಯದ ಅಂಶ 4. ಉತ್ತರ 72 ಲಕ್ಷ ಚಿಲ್ಲರೆ. ಇದೇ ವಯಸ್ಸಿನ ಹುಡುಗ ಕಾಯಿಲೆಯ ಕೊನೆಯ ಹಂತದಲ್ಲಿದ್ದು, ಆರು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆ ಇಲ್ಲದಿದ್ದರೆ ಅಂಶ 0.5, ಉತ್ತರ ಸುಮಾರು 9 ಲಕ್ಷ. ಎಷ್ಟೋ ಸಮ್ ಬಿಡಿಸಿದ್ದೇನೆ, ಉತ್ತರ ಬಂದಮೇಲೆ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತಿದ್ದು ಇದೊಂದಕ್ಕೇ.

ಇಷ್ಟೆಲ್ಲ ಓದಿದ್ದು ಪರೀಕ್ಷೆಗೆ ಬರಲಿಲ್ಲ, ದೊಡ್ಡಮ್ಮನ ಉಪಯೋಗಕ್ಕೆ ಬಂತು. ಅವರಿಗೆ ಎಂಟು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್. ಬೆಳಗ್ಗೆ ಎದ್ದರೆ ಬೆರಳು ಮಡಚಲು ಒಂದು ಗಂಟೆ ಬೇಕು. ಮುದ್ದೆ ಕಟ್ಟುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಮಾತ್ರೆ ಸಾಲುತ್ತಿಲ್ಲ, ಹದಿನೈದು ದಿನಕ್ಕೊಂದು ಇಂಜೆಕ್ಷನ್ ಬೇಕು ಎಂದರು ಡಾಕ್ಟರು. ಅದರ ರೇಟು ಕೇಳಿ ದೊಡ್ಡಪ್ಪ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ ಮುಚ್ಚಿಬಿಟ್ಟರು. ಆಗ ಡಾಕ್ಟರು ಒಂದು ಟ್ರಯಲ್ ಬಗ್ಗೆ ಹೇಳಿದರು. ಆ ಇಂಜೆಕ್ಷನ್ನನ್ನೇ ಹೋಲುವ ಇನ್ನೊಂದು ಕಂಪನಿಯ ಔಷಧವನ್ನು ಮೂಲದ್ದರ ಜೊತೆ ಹೋಲಿಸುತ್ತಿದ್ದಾರೆ, ಸೇರಿದರೆ ಖರ್ಚಿಲ್ಲ.

ಮನೆಯಲ್ಲಿ ಎರಡು ಪಾರ್ಟಿ ಆಯಿತು. ‘ನಮ್ಮನೆಯವಳು ಇಲಿ ಅಲ್ಲ’ ಎಂದು ದೊಡ್ಡಪ್ಪ. ‘ಫ್ರೀ ಟ್ರೀಟ್‌ಮೆಂಟ್, ಬಿಡಬೇಡಿ’ ಎಂದು ಅಕ್ಕ. ನನಗೆ ಎರಡೂ ಸರಿ ಎನಿಸಲಿಲ್ಲ. ಟ್ರಯಲ್ ಎಂದರೆ ಟ್ರೀಟ್‌ಮೆಂಟ್ ಅಲ್ಲ. ಅಲ್ಲಿ ಡಾಕ್ಟರು ‘ನಿಮಗೆ ಯಾವುದು ಒಳ್ಳೆಯದು’ ಎಂದು ಆರಿಸಿ ಔಷಧ ಕೊಡುವುದಿಲ್ಲ. ಟಾಸ್ ಹಾಕಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ. ಎಷ್ಟೋ ಟ್ರಯಲ್‌ಗಳಲ್ಲಿ ಒಂದು ಗುಂಪಿಗೆ ಔಷಧವೇ ಇಲ್ಲದ ಪ್ಲಸೀಬೊ ಬರುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು, ಎದುರು ಗುಂಪಿಗೆ ಏನು ಕೊಡುತ್ತಾರೆ ಅನ್ನುವುದನ್ನು.

ಇದನ್ನು ನೋಡಲು ಯಾರ ಪರಿಚಯವೂ ಬೇಡ. ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿ ಇದೆ. 2007ರಲ್ಲಿ ಶುರುವಾಯಿತು, ಐಸಿಎಂಆರ್ ನಡೆಸುತ್ತದೆ. 2009ರ ಜೂನ್ 15ರಿಂದ ಟ್ರಯಲ್‌ಗಳ ನೋಂದಣಿ ಕಡ್ಡಾಯ. ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಆಗಿರಬೇಕು. ಪ್ರತಿ ಟ್ರಯಲ್‌ಗೂ ಸಿಟಿಆರ್‌ಐ ಎಂದು ಶುರುವಾಗಿ ವರ್ಷ, ತಿಂಗಳು ಇರುವ ಒಂದು ನಂಬರ್. ಕಾಯಿಲೆಯ ಹೆಸರು ಹಾಕಿಯೂ ಹುಡುಕಬಹುದು. ಯಾವ ಊರಿನ ಯಾವ ಆಸ್ಪತ್ರೆ, ಹಣ ಹಾಕುವವರು ಯಾರು, ಯಾರನ್ನು ಸೇರಿಸುತ್ತಾರೆ, ಯಾರನ್ನು ಇಲ್ಲ, ಎಥಿಕ್ಸ್ ಕಮಿಟಿ ಒಪ್ಪಿದೆಯೇ, ಇನ್ನೂ ಜನ ಬೇಕೇ, ಎಲ್ಲ ಅಲ್ಲಿದೆ. ಇಂಗ್ಲಿಷ್ ಸ್ವಲ್ಪ ಕಬ್ಬಿಣದ ಕಡಲೆ, ಆದರೆ ನಮ್ಮ ಸಿಲಬಸ್ ಪುಸ್ತಕಕ್ಕಿಂತ ವಾಸಿ. ಬಯೊಈಕ್ವಿವೆಲೆನ್ಸ್ ಸ್ಟಡಿಗೆ ಕರೆದರೆ, ಆ ಸೆಂಟರ್ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಒದಲ್ಲಿ ನೋಂದಣಿಯಾಗಿದೆಯೇ ಎಂದೂ ಕೇಳಬೇಕು. ಉತ್ತರ ಕೊಡಲು ತಡವರಿಸುವವರ ಬಳಿ ಕೈ ಚಾಚಬೇಡಿ, ಅಕ್ಷರಶಃ!

ದೊಡ್ಡಮ್ಮನ ಟ್ರಯಲ್ ನಂಬರ್ ಹುಡುಕಿದೆ, ಸಿಕ್ಕಿತು. ಎರಡೂ ಗುಂಪಿಗೆ ನಿಜವಾದ ಔಷಧವೇ. ಒಂದಕ್ಕೆ ಹೊಸ ಕಂಪನಿಯದು, ಒಂದಕ್ಕೆ ಮೂಲದ್ದು. ಕನ್ನಡದ ಮಾಹಿತಿ ಪತ್ರ ಹದಿನಾಲ್ಕು ಪುಟ ಇತ್ತು. ಅದರ ಕನ್ನಡ ಎಷ್ಟು ಬಿಗಿಯೆಂದರೆ, ‘ಪ್ರತಿಕೂಲ ಘಟನೆ’ ಎಂದರೆ ಬಸ್ ಆಕ್ಸಿಡೆಂಟಾ ಎಂದು ದೊಡ್ಡಮ್ಮ ಕೇಳಿದರು. ನಾನು ಓದಿ ಹೇಳುತ್ತಾ ಹೋದೆ, ಅವರು ಪ್ರಶ್ನೆ ಕೇಳುತ್ತಾ ಹೋದರು. ಈ ಇಂಜೆಕ್ಷನ್ ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ, ಒಳಗೆ ಅಡಗಿರುವ ಕ್ಷಯ ಕೆರಳಬಹುದು, ಅದಕ್ಕೇ ಮೊದಲು ಟಿಬಿ ಪರೀಕ್ಷೆ. ನಡುವೆ ಬೇಡ ಎನಿಸಿದರೆ ಕಾರಣ ಕೊಡದೆ ಬಿಡಬಹುದು, ಬಿಟ್ಟರೂ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆಗೆ ತೊಂದರೆ ಇಲ್ಲ. ಸಹಿ ಮಾಡಿದ ಫಾರಂನ ಒಂದು ಪ್ರತಿ ನಮ್ಮ ಕೈಗೆ ಕೊಡಲೇಬೇಕು. ಸಹಿ ಬಾರದವರಾದರೆ ಹೆಬ್ಬೆಟ್ಟಿನ ಜೊತೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಇರಬೇಕು. ಕೊನೆಯ ಪುಟದಲ್ಲಿ ಎಥಿಕ್ಸ್ ಕಮಿಟಿಯ ಫೋನ್ ನಂಬರ್. ಅದನ್ನು ದೊಡ್ಡಪ್ಪನ ಮೊಬೈಲ್‌ನಲ್ಲಿ ‘ಕಮಿಟಿ’ ಎಂದು ಸೇವ್ ಮಾಡಿಕೊಟ್ಟೆ. ಕಬಡ್ಡಿ ಕಮಿಟಿ, ಗಣೇಶನ ಕಮಿಟಿ ನಡುವೆ ಅದೂ ಇದೆ.

ನಾವ್ಯಾರೂ ಕೇಳದ ಪ್ರಶ್ನೆಯನ್ನು ದೊಡ್ಡಮ್ಮನೇ ಕೇಳಿದರು. ‘ಇದು ಇಪ್ಪತ್ನಾಲ್ಕು ವಾರ ಅಂತ ಬರೆದವ್ರೆ. ಇಪ್ಪತ್ತೈದನೇ ವಾರ ಯಾರು ಚುಚ್ತಾರೆ?’ ಹದಿನಾಲ್ಕು ಪುಟ ಮತ್ತೆ ತಿರುವಿದೆ. ಟ್ರಯಲ್ ಮುಗಿದಮೇಲೆ ಔಷಧ ಕೊಡುವ ಭರವಸೆ ಎಲ್ಲೂ ಇರಲಿಲ್ಲ. ಡಾಕ್ಟರನ್ನೇ ಕೇಳಿದಾಗ ಅವರೂ ಮುಚ್ಚಿಡಲಿಲ್ಲ, ಆಮೇಲೆ ಕೊಂಡುಕೊಳ್ಳಬೇಕು ಎಂದರು. ದೊಡ್ಡಮ್ಮ ಒಂದು ವಾರ ಯೋಚನೆ ಮಾಡಿ, ಫಾರಂನ ಪ್ರತಿ ಪುಟಕ್ಕೂ ಡೊಂಕು ಬೆರಳಿನಲ್ಲಿ ತಾವೇ ಸಹಿ ಹಾಕಿದರು.

ಈಗ ಹತ್ತನೇ ವಾರ. ಬೆಳಗಿನ ಬಿಗಿತ ಅರ್ಧ ಗಂಟೆಗೆ ಇಳಿದಿದೆ ಎನ್ನುತ್ತಾರೆ. ತಮಗೆ ಚುಚ್ಚುತ್ತಿರುವುದು ಹೊಸದೋ ಹಳೆಯದೋ ಅವರಿಗೆ ಗೊತ್ತಿಲ್ಲ, ಚುಚ್ಚುವ ಡಾಕ್ಟರಿಗೂ ಗೊತ್ತಿಲ್ಲ. ದೊಡ್ಡಪ್ಪ ಮಾತ್ರ ಇಪ್ಪತ್ತೈದನೇ ವಾರದ ಲೆಕ್ಕದಲ್ಲಿದ್ದಾರೆ. ಸಂಜೆ ಅಂಗಡಿಗೆ ಬರುವ ಪಿಗ್ಮಿ ಏಜೆಂಟನ ಕೈಗೆ ದಿನಾ ನೂರು ರೂಪಾಯಿ ಹಾಕುತ್ತಿದ್ದಾರೆ.